0.7 ಗ್ರಾಂ ತೆಗೆಯಲು 13 ವರ್ಷ ಏಕೆ?

ಪ್ರಶ್ನೆ: ಜಪಾನಿನ ಫುಕುಶಿಮಾ ಅಣು ವಿದ್ಯುತ್ ಸ್ಥಾವರದಾಗ ಕರಗಿದ ಇಂಧನದ ಗಟ್ಟಿ 880 ಟನ್ ಇರಬೇಕಂತ. 13 ವರ್ಷದ ಮ್ಯಾಲೆ ತೆಗೆದದ್ದು ಒಂದು ಗ್ರಾಂನೂ ಇಲ್ಲ. ವಿಕಿರಣದಿಂದಾಗಿ ಮನುಷ್ಯಾರು ಒಳಗ ಹೋಗಾಂಗಿಲ್ಲ ಅಂದ್ರ ಅದು ಎಲ್ಲಿ ಬಿದ್ದೈತಿ ಅಂತ ಹ್ಯಾಂಗ ಗೊತ್ತಾತು, ಸರ್? ಕಾಂಕ್ರೀಟ್ ಸುರಿದು ಮುಚ್ಚಿದ್ರ ಆಗೂದಿಲ್ಲೇನು?
– ಓದುಗರೊಬ್ಬರು, ಗೋಕಾಕ

ಉತ್ತರ: ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕೆಲಸ ಮಾಡಿದವನು. ಕರಗಿದ ಕಬ್ಬಿಣ ಅಚ್ಚಿನಿಂದ ಸೋರಿದರೆ ಮರಳು, ಕಿಟ್ಟ ಎಲ್ಲವನ್ನೂ ಕೂಡಿಸಿಕೊಂಡು ಗಟ್ಟಿಯಾಗುತ್ತದೆ. ಎಲ್ಲಿ ಮೆದು, ಎಲ್ಲಿ ಕಲ್ಲು ಎಂಬುದು ಮುಟ್ಟಿ ನೋಡುವ ತನಕ ತಿಳಿಯದು. ಅಲ್ಲಿಯೂ ಹಾಗೇ ಆಗಿದೆ. 2011ರ ಮಾರ್ಚ್ 11ರ ಸುನಾಮಿಯಿಂದ ವಿದ್ಯುತ್ ಹೋಗಿ, ತಂಪು ಮಾಡುವ ನೀರು ನಿಂತು, ಮೂರು ರಿಯಾಕ್ಟರ್‌ಗಳ ಯುರೇನಿಯಂ ಕರಗಿತು. ಇಂಧನಕ್ಕೆ ಹೊದಿಸಿದ ಜಿರ್ಕೋನಿಯಂ ಲೋಹದ ಕವಚ, ಉಕ್ಕು, ಕಾಂಕ್ರೀಟಿನ ಜೊತೆ ಬೆರೆತು ಹೆಪ್ಪುಗಟ್ಟಿತು.

ಜಾಗ ಹುಡುಕಿದ ಬಗೆ ನನಗೆ ಬಹಳ ಹಿಡಿಸಿದೆ. ಮ್ಯೂಯಾನ್ ಎಂಬ ಕಣಗಳು ಆಕಾಶದಿಂದ ಸದಾ ಸುರಿಯುತ್ತಿರುತ್ತವೆ, ಗೋಡೆಯನ್ನೂ ದಾಟುತ್ತವೆ. ಯುರೇನಿಯಂನಷ್ಟು ದಟ್ಟವಾದದ್ದು ಅಡ್ಡ ಬಂದರೆ ಕೆಲವು ಅಲ್ಲೇ ನಿಲ್ಲುತ್ತವೆ. ಕಟ್ಟಡದ ಹೊರಗೆ ಪತ್ತೆಯಂತ್ರ ಇಟ್ಟು, ತಿಂಗಳುಗಟ್ಟಲೆ ಕಣ ಎಣಿಸಿ, ನೆರಳಿನ ಚಿತ್ರ ತೆಗೆದರು. 2015ರಲ್ಲಿ 1ನೇ ರಿಯಾಕ್ಟರಿನಲ್ಲಿ ಇಂಧನ ಇರಬೇಕಾದ ಗರ್ಭ ಬಹುಪಾಲು ಖಾಲಿ ಕಂಡಿತು. ಮರುವರ್ಷ 2ನೆಯದರಲ್ಲಿ ಇಂಧನ ಇಡುವ ಉಕ್ಕಿನ ಪಾತ್ರೆಯ ತಳದಲ್ಲಿ ಭಾರದ ರಾಶಿ ಕಂಡಿತು. ಆಮೇಲೆ ರೋಬೋಟ್‌ಗಳ ಸರದಿ. 2019ರಲ್ಲಿ ಒಂದು ರೋಬೋಟ್ 2ನೇ ರಿಯಾಕ್ಟರಿನ ತಳ ಮುಟ್ಟಿತು. ಕೆಲವು ಹರಳುಗಳು ಅಲುಗಾಡಿದವು, ಕೆಲವು ಜಪ್ಪಯ್ಯ ಅನ್ನಲಿಲ್ಲ.

2024ರಲ್ಲಿ ಸುಮಾರು 22 ಮೀಟರ್ ಉದ್ದ ಚಾಚುವ ಕೋಲನ್ನು ಒಳಗೆ ಬಿಡಲು ಹೊರಟರು. ಆಗಸ್ಟ್‌ನಲ್ಲಿ ಕೊಳವೆ ಜೋಡಿಸಿದ ಕ್ರಮ ತಪ್ಪಿ ಕೆಲಸ ನಿಂತಿತು, ಸೆಪ್ಟೆಂಬರ್‌ನಲ್ಲಿ ಕ್ಯಾಮೆರಾ ಕೈಕೊಟ್ಟಿತು. ನವೆಂಬರ್‌ನಲ್ಲಿ 0.7 ಗ್ರಾಂನ ಹರಳು ಹೊರಬಂತು. ಅದು ಪ್ರಯೋಗಾಲಯದ ಮಾದರಿ: ಗಡಸು ಎಷ್ಟು, ಏನೇನು ಬೆರೆತಿದೆ ಎಂದು ತಿಳಿದ ಮೇಲೆಯೇ ಕತ್ತರಿಸುವ ಉಪಕರಣ ನಿರ್ಧರಿಸಲು ಸಾಧ್ಯ. ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದಲ್ಲಿ 1979ರ ಅಪಘಾತದ ಇಂಧನ ತೆಗೆಯಲು ಶುರು ಮಾಡಿದ್ದೇ 1985ರಲ್ಲಿ. ಅಲ್ಲಿ ಪಾತ್ರೆ ತೂತಾಗಿರಲಿಲ್ಲ. ನೀರು ತುಂಬಿಸಿ, ಮೇಲೆ ನಿಂತು ಉದ್ದನೆಯ ಉಪಕರಣಗಳಿಂದ ಎತ್ತಿದರು. ಫುಕುಶಿಮಾದಲ್ಲಿ ಆ ಅನುಕೂಲ ಇಲ್ಲ.

ಇನ್ನು ಮುಚ್ಚುವ ಮಾತು. ಉಕ್ರೇನಿನ ಚೆರ್ನೋಬಿಲ್ ಅಣು ಸ್ಥಾವರದಲ್ಲಿ ಅಪಘಾತವಾದ 1986ರಲ್ಲೇ ಕಾಂಕ್ರೀಟು, ಉಕ್ಕಿನ ಹೊದಿಕೆ ಕಟ್ಟಿದರು. ಅದು ಶಿಥಿಲವಾಗಿ, 2016ರಲ್ಲಿ ಅದರ ಮೇಲೆ ಭಾರಿ ಉಕ್ಕಿನ ಕಮಾನು ತಂದು ನಿಲ್ಲಿಸಬೇಕಾಯಿತು. ಇಂಧನ ಇನ್ನೂ ಒಳಗೇ ಇದೆ. ಹಾಗಾಗಿ ಎಷ್ಟೇ ತಡವಾದರೂ ತೆಗೆಯುವುದೇ ಸರಿ ಎಂದು ನನ್ನ ಅಭಿಪ್ರಾಯ.