ವಿಮೆ ಇಲ್ಲ, ಕೂಲಿಯೇ ಆಧಾರ: ದಾವಣಗೆರೆಯಲ್ಲಿ ತಂದೆಯ ಹೃದಯದ ಚಿಕಿತ್ಸೆಗೆ ಏನು ಮಾಡಬೇಕು?
ಮೊದಲು ಸಾಲಕ್ಕೆ ಕೈಚಾಚಬೇಡಿ. ಮನೆಯಲ್ಲಿ ಬಿಪಿಎಲ್ ಪಡಿತರ ಚೀಟಿ ಇದೆಯೇ ನೋಡಿ. ಇದ್ದರೆ, ನೀವು ವಿಮೆ ಇಲ್ಲವೆಂದು ತಿಳಿದಿದ್ದರೂ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇಡೀ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕಾದರೆ ನಿಗದಿತ ದರದ ಶೇ. 30ರಷ್ಟನ್ನು ಮಾತ್ರ ಸರ್ಕಾರ ಭರಿಸುತ್ತದೆ, ಉಳಿದದ್ದು ನಿಮ್ಮದೇ.

ಹೆಚ್ಚಿನವರು ಎಡವುವುದು ಶಿಫಾರಸು ಪತ್ರದ, ಅಂದರೆ ಬೇರೆ ಆಸ್ಪತ್ರೆಗೆ ಕಳಿಸಲು ಸರ್ಕಾರಿ ಆಸ್ಪತ್ರೆಯ ವೈದ್ಯರು ಬರೆದುಕೊಡುವ ಪತ್ರದ ವಿಷಯದಲ್ಲಿ. ನಮ್ಮ ಅಕ್ಕನ ಶಸ್ತ್ರಚಿಕಿತ್ಸೆಗೆ ನಾವು ನೇರವಾಗಿ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಪತ್ರವಿಲ್ಲದ ಕಾರಣ ಪೂರ್ತಿ ಹಣ ಕಟ್ಟಬೇಕಾಯಿತು. ಆ ಸಾಲ ತೀರಿಸಲು ಎರಡು ವರ್ಷ ಹಿಡಿಯಿತು. ಆದ್ದರಿಂದ ತಂದೆಯವರನ್ನು ಮೊದಲು ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಪಡಿತರ ಚೀಟಿ, ಆಧಾರ್, ಹಳೆಯ ಇಸಿಜಿ, ಔಷಧ ಚೀಟಿಗಳೆಲ್ಲವೂ ಜೊತೆಗಿರಲಿ. ಅಲ್ಲಿ ಆಗದ ಚಿಕಿತ್ಸೆಯಾದರೆ ವೈದ್ಯರು ಯೋಜನೆಗೆ ಒಳಪಟ್ಟ ಬೇರೆ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಆ ಆಸ್ಪತ್ರೆಯಲ್ಲಿ ದಾಖಲಾಗುವ ಮೊದಲೇ ಆರೋಗ್ಯಮಿತ್ರರನ್ನು (ಯೋಜನೆಯ ಕೆಲಸಕ್ಕೆ ಆಸ್ಪತ್ರೆಯಲ್ಲಿರುವ ಸಹಾಯಕರು) ಕಂಡು ಪತ್ರ ತೋರಿಸಿ.

ಎದೆನೋವು ತೀವ್ರವಾಗಿ ಬೆವರು, ಉಸಿರಾಟದ ತೊಂದರೆ ಕಾಣಿಸಿದರೆ ಮಾತ್ರ ಪತ್ರಕ್ಕಾಗಿ ಒಂದು ಕ್ಷಣವೂ ಕಾಯಬೇಡಿ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಉಚಿತ. ತುರ್ತು ಸಂದರ್ಭಕ್ಕೆ ಶಿಫಾರಸು ಪತ್ರ ಬೇಕಿಲ್ಲ.

ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ. ದಾಸ್ತಾನು ಇಲ್ಲದ ದಿನ ಜನೌಷಧಿ ಕೇಂದ್ರದಲ್ಲಿ ಕೇಳಿ. ಅದೇ ಔಷಧ ಕಡಿಮೆ ಬೆಲೆಗೆ ದೊರೆಯುತ್ತದೆ. ದುಡ್ಡು ಸಾಲದೆಂದು ತಂದೆಯವರು ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಿದ್ದರೆ ದಯವಿಟ್ಟು ಇಂದೇ ವೈದ್ಯರಿಗೆ ತಿಳಿಸಿ.