ಸಪೂರ ಇದ್ದವರಿಗೂ ಶುಗರ್ ಬರುತ್ತದೆ

54 ಕೆಜಿ ಇದ್ದೇನೆ, ಸಿಹಿ ಮುಟ್ಟುವುದಿಲ್ಲ, ಆದರೂ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 8.1 ಬಂತು, ಲ್ಯಾಬಿನ ತಪ್ಪಿರಬಹುದೇ ಎಂದು ಕೇಳಿದ್ದೀರಿ. ಬದಿಯಡ್ಕದಲ್ಲಿ ನನಗೆ ಹೀಗಾದಾಗ ನಾನೂ ಅದನ್ನೇ ನಂಬಿಕೊಂಡು ಎರಡು ತಿಂಗಳು ಕಳೆದೆ. ನೀವು ಕಳೆಯಬೇಡಿ. ಇನ್ನೊಮ್ಮೆ ಪರೀಕ್ಷಿಸಿ, ಮತ್ತೆ 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಮಧುಮೇಹವೇ.

ನಮ್ಮವರಲ್ಲಿ ಕೈಕಾಲು ಸಪೂರ ಇದ್ದರೂ ಹೊಟ್ಟೆಯೊಳಗೆ, ಯಕೃತ್ತಿನಲ್ಲಿ ಕೊಬ್ಬು ಕೂತು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೆಲವರಲ್ಲಿ ಇನ್ಸುಲಿನ್ ಉತ್ಪತ್ತಿಯೇ ಕಡಿಮೆ. ನಿಮ್ಮದು ಯಾವುದೆಂದು ತಿಳಿಯಲು ಸಿ-ಪೆಪ್ಟೈಡ್ (ದೇಹ ಎಷ್ಟು ಇನ್ಸುಲಿನ್ ಮಾಡುತ್ತಿದೆ ಎಂದು ತೋರಿಸುವುದು), ಗ್ಯಾಡ್ ಆಂಟಿಬಾಡಿ (ಇನ್ಸುಲಿನ್ ಮಾಡುವ ಕೋಶಗಳ ಮೇಲೆ ದೇಹವೇ ದಾಳಿ ಮಾಡುತ್ತಿದೆಯೇ ಎಂದು ತೋರಿಸುವುದು) ಪರೀಕ್ಷೆ ಬೇಕೇ ಎಂದು ಡಾಕ್ಟರರಲ್ಲಿ ಕೇಳಿ. ತೂಕ ತಾನಾಗಿ ಇಳಿಯುತ್ತಿದ್ದರೆ ನಾಳೆಯೇ ಹೋಗಿ.

ಕುಚ್ಚಲಕ್ಕಿ ಗಂಜಿಯೂ ಒಳಗೆ ಸಕ್ಕರೆಯೇ ಆಗುತ್ತದೆ. ನಾನು ಅನ್ನ ಅರ್ಧ ಮಾಡಿ ಹುರುಳಿ ಸಾರು, ಅಲಸಂಡೆ ಪಲ್ಯ ಹೆಚ್ಚಿಸಿದೆ. ಉಪವಾಸ ಮಾತ್ರ ಬೇಡ. "ಇಷ್ಟು ಸಪೂರ, ನಿನಗೆಂಥ ಶುಗರ್" ಎಂದು ನೆಂಟರು ಹೇಳಿದರೆಂದು ಮಾತ್ರೆ ಬಿಡಬೇಡಿ.