ಉತ್ಪ್ರೇಕ್ಷೆ ಅಂದರೆ ಜಾಸ್ತಿ ಮಾಡಿ ಹೇಳುವುದಲ್ಲ

ಕಾವ್ಯದ ಅಲಂಕಾರಗಳಲ್ಲಿ ಉಪಮೆ, ರೂಪಕ, ಉತ್ಪ್ರೇಕ್ಷೆ ಮೂರೂ ಒಂದೇ ಥರ ಕಾಣುತ್ತವೆ, ಗುರುತಿಸುವುದು ಹೇಗೆ ಎಂದು ಕೇಳಿದ್ದೀರಿ. ಕಾರವಾರದಲ್ಲಿ ನಮ್ಮನೆಗೆ ಪಾಠಕ್ಕೆ ಬರುವ ಮಕ್ಕಳೂ ಇಲ್ಲೇ ತಪ್ಪುತ್ತಾರೆ. ಅವರಿಗೆ ನಾನು ಮಳೆಗಾಲದ ಕಡಲನ್ನೇ ಇಟ್ಟುಕೊಂಡು ಹೇಳಿಕೊಡುತ್ತೇನೆ.

"ಕಡಲು ಮದ್ದಾನೆಯ ಹಾಗೆ ನುಗ್ಗಿತು." ಇದು ಉಪಮೆ. ನಾವು ವರ್ಣಿಸುತ್ತಿರುವ ಕಡಲು ಉಪಮೇಯ, ಅದನ್ನು ಯಾವುದಕ್ಕೆ ಹೋಲಿಸಿದೆವೋ ಆ ಮದ್ದಾನೆ ಉಪಮಾನ, ಹೋಲಿಕೆ ಸೂಚಿಸುವ 'ಹಾಗೆ' ಅನ್ನುವುದು ವಾಚಕ ಪದ, ಎರಡಕ್ಕೂ ಸಮಾನವಾದ ನುಗ್ಗುವುದು ಸಮಾನ ಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದಾದರೂ ಇಲ್ಲದಿದ್ದರೆ ಲುಪ್ತೋಪಮೆ. ಈಗ "ಕಡಲೆಂಬ ಮದ್ದಾನೆ ನುಗ್ಗಿತು" ಅನ್ನಿ. ಹೋಲಿಕೆ ಹೋಯ್ತು, ಕಡಲೇ ಆನೆ ಆಯ್ತು. ಅದು ರೂಪಕ.

ಉತ್ಪ್ರೇಕ್ಷೆಯೇ ನಿಜವಾದ ತೊಡಕು. "ದಡದ ಮೇಲಿನ ಹಳೇ ಹಗೆ ತೀರಿಸಿಕೊಳ್ಳಲು ಬಂತೋ ಎಂಬಂತೆ ಕಡಲು ನುಗ್ಗಿತು." ಕಡಲಿಗೆ ಎಲ್ಲಿಯ ಹಗೆ? ನುಗ್ಗಿದ್ದಕ್ಕೆ ಒಂದು ಕಾರಣವನ್ನು ನಾವೇ ಕಲ್ಪಿಸಿಕೊಂಡೆವು, ಅಷ್ಟೇ. ದಿನದ ಮಾತಿನಲ್ಲಿ ಉತ್ಪ್ರೇಕ್ಷೆ ಅಂದರೆ ಇದ್ದದ್ದನ್ನು ಜಾಸ್ತಿ ಮಾಡಿ ಹೇಳುವುದು, ಅಲ್ವಾ? ಆ ಅರ್ಥವೇ ತಲೆಯಲ್ಲಿ ಕೂತುಬಿಟ್ಟಿರುವುದರಿಂದ ಮಕ್ಕಳು "ತೆರೆ ಎದ್ದು ಮೋಡಕ್ಕೆ ಬಡಿಯಿತು" ಎಂಬಂಥ ಸಾಲು ಕಂಡ ಕೂಡಲೇ ಉತ್ಪ್ರೇಕ್ಷೆ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಅದು ಅತಿಶಯೋಕ್ತಿ, ಅಂದರೆ ಇದ್ದದ್ದನ್ನು ಮಿತಿಮೀರಿ ಹಿಗ್ಗಿಸಿ ಹೇಳುವ ಬೇರೆಯೇ ಅಲಂಕಾರ. 'ಎಂಬಂತೆ', 'ಏನೋ' ಕಂಡರೆ ಅಲ್ಲಿ ಕಲ್ಪನೆ ಇದೆಯಾ ನೋಡಿ. ಬರೀ 'ಅಂತೆ', 'ಹಾಗೆ' ಇದ್ದರೆ ಹೆಚ್ಚಾಗಿ ಉಪಮೆ.

ಆನೆಯ ಮಾತು ಬಂತಲ್ಲ, ಇದನ್ನು ಹೇಳದೆ ಇರಲಾರೆ. 10ನೇ ಶತಮಾನದ ಪಂಪ, ಯಾರು ಅಂಕುಶ ಇಟ್ಟರೂ ತನ್ನ ಮನಸ್ಸು ಬನವಾಸಿಯನ್ನೇ ನೆನೆಯುತ್ತದೆ ಎಂದ. ಬನವಾಸಿ ನಮ್ಮ ಶಿರಸಿ ತಾಲೂಕಿನದೇ. ಆ ಸಾಲಿನಲ್ಲಿ ಆನೆ ಎಂಬ ಪದವೇ ಇಲ್ಲ, ಅಂಕುಶ ಅಂದಿದ್ದಕ್ಕೇ ಮನಸ್ಸು ಆನೆಯಾಗಿ ನಿಂತುಬಿಡುತ್ತದೆ! ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಶ್ಲೇಷೆ ಸುಲಭ, ಒಂದೇ ಪದಕ್ಕೆ ಎರಡು ಅರ್ಥ. "ತೆರೆ ಸರಿಯಿತು" ಎಂದು ದಡದಲ್ಲಿ ನಿಂತು ಹೇಳಿದರೆ ಅಲೆ ಹಿಂದೆ ಹೋಯಿತು. ಯಕ್ಷಗಾನದ ರಂಗದ ಎದುರು ಕೂತು ಅದನ್ನೇ ಹೇಳಿದರೆ ಪರದೆ ಸರಿದು ವೇಷ ಕಂಡಿತು. ಒಂದೇ ಅಕ್ಷರ ಮತ್ತೆ ಮತ್ತೆ ಬರುವ ಅನುಪ್ರಾಸ, ಅದೇ ಅಕ್ಷರಗಳ ಗುಂಪು ಬೇರೆ ಅರ್ಥದಲ್ಲಿ ಮರಳಿ ಬರುವ ಯಮಕ, ಇವು ಶಬ್ದಾಲಂಕಾರಗಳು, ಅಂದರೆ ಸದ್ದಿನ ಚೆಲುವನ್ನು ನೆಚ್ಚಿದವು. ಸಾಲನ್ನು ಗಟ್ಟಿಯಾಗಿ ಓದಿದರೆ ಕಿವಿಯೇ ಹಿಡಿಯುತ್ತದೆ.

ನಿಮ್ಮ ಪಠ್ಯದ ಯಾವ ಸಾಲು ಬಿಡಿಸಲಾಗುತ್ತಿಲ್ಲ ಎಂದು ಬರೆಯಿರಿ, ಕೂತು ನೋಡೋಣ.